ಒಂದೇ ರೆಸ್ಯೂಮ್ ಎಲ್ಲಾ ಕಂಪ್ನಿಗೂ ಕಳಿಸಿದ್ರ ಕಾಲ್ ಬರಂಗಿಲ್ಲೇನ್ರಿ?

ಹುಬ್ಬಳ್ಳಿ_ಬಿಕಾಂ:
ನಮಸ್ಕಾರ್ರಿ. ಬಿಕಾಂ ಮುಗಿಸಿ ಇಲ್ಲೇ ಒಬ್ರು ಆಡಿಟರ್ ಆಫೀಸ್‌ನ್ಯಾಗ ಕೆಲಸ ಮಾಡಾಕತ್ತೀನಿ, ಟ್ಯಾಲಿ ಎಂಟ್ರಿ, ಜಿಎಸ್‌ಟಿ ಎಲ್ಲಾ ನಾನೇ ನೋಡ್ತೀನಿ. ಬೆಂಗಳೂರಾಗ ಅಕೌಂಟ್ಸ್ ಎಕ್ಸಿಕ್ಯುಟಿವ್ ಪೋಸ್ಟಿಗೆ ನೌಕ್ರಿ ವೆಬ್‌ಸೈಟ್‌ನ್ಯಾಗ ಕಂಡಕಂಡಲ್ಲೆ ಅಪ್ಲೈ ಮಾಡೀನಿ, ಒಂದ್ ಕಾಲೂ ಇಲ್ಲ. ಕಂಪ್ನಿಗೊಂದು ರೆಸ್ಯೂಮ್ ಮಾಡ್ಬೇಕು ಅಂತಾರ, ಖರೇ ಏನ್ರಿ? ಅಷ್ಟು ಟೈಮ್ ಯಾರ ಹತ್ರ ಐತಿ?

ಪೀಣ್ಯ_ಎಚ್‌ಆರ್:
ಹೊಸದಾಗಿ ಬರೀಬೇಕಾಗಿಲ್ಲ ಸರ್, ಮೇಲಿನ ಅರ್ಧ ಪುಟ ಬದಲಾಯಿಸಿದ್ರೆ ಸಾಕು. ನಾವು ಹುಡುಕೋದೇ ಕೀವರ್ಡ್ ಹಾಕಿ, ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ಕಟ್ಟೋ ರಿಟರ್ನ್), ಬ್ಯಾಂಕ್ ರೀಕನ್ಸಿಲಿಯೇಷನ್ (ಬ್ಯಾಂಕ್ ಲೆಕ್ಕ ತಾಳೆ ನೋಡೋದು), ಟಿಡಿಎಸ್ ಅಂತ, ನೀವು ಬರೀ "ಜಿಎಸ್‌ಟಿ ವರ್ಕ್" ಅಂತ ಬರ್ದಿದ್ರೆ ಆ ಸರ್ಚಲ್ಲಿ ಬರೋದು ಡೌಟು. ಜೆಡಿಲಿ, ಅಂದ್ರೆ ಕಂಪ್ನಿ ಹಾಕಿರೋ ಕೆಲಸದ ವಿವರದಲ್ಲಿ, ಯಾವ ಪದ ಇದ್ಯೋ ಅದನ್ನೇ ಹಾಕಿ, ಮಾಡಿರೋ ಕೆಲಸಕ್ಕೆ ಮಾತ್ರ. ತಂದೆ ಹೆಸರು, ಮದುವೆ ಆಗಿದ್ಯಾ, ಕೊನೇಲಿ ಡಿಕ್ಲರೇಷನ್ನು, ಎಲ್ಲ ತೆಗೀರಿ. ನೋಟಿಸ್ ಪೀರಿಯಡ್ ಎಷ್ಟು, ಬೆಂಗಳೂರಿಗೆ ಶಿಫ್ಟ್ ಆಗೋಕೆ ರೆಡಿನಾ ಅನ್ನೋದು ಮೇಲೇ ಇರ್ಲಿ. ಊರು ನೋಡಿದ ತಕ್ಷಣ ಮುಂದಿನ ಪ್ರೊಫೈಲ್‌ಗೆ ಹೋಗೋರು ಇದಾರೆ.

ಟ್ಯಾಲಿಮಾಮ:
ಕಂಪ್ನಿ ಎಂಥದ್ದು ಅನ್ನೋದೂ ನೋಡ್ಬೇಕಪ್ಪ. ಫ್ಯಾಕ್ಟ್ರಿ ಆದ್ರೆ ಸ್ಟಾಕು, ಜಾಬ್ ವರ್ಕ್ ಚಲನ್, ಇ-ವೇ ಬಿಲ್ಲು ಮೇಲಕ್ಕೆ ಬರ್ಬೇಕು. ಡಿಸ್ಟ್ರಿಬ್ಯೂಟರ್ ಆಫೀಸಾದ್ರೆ ಪರ್ಚೇಸ್‌ನ ಜಿಎಸ್‌ಟಿ ಪೋರ್ಟಲ್‌ನ 2ಬಿ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ ಇನ್‌ಪುಟ್ ಕ್ರೆಡಿಟ್ (ಖರೀದಿಲಿ ಕಟ್ಟಿರೋ ಜಿಎಸ್‌ಟಿ ಲೆಕ್ಕ) ತಗೊಳ್ಳೋ ಕೆಲಸ ಮೊದಲು. "ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್" ಅನ್ನೋದನ್ನ ಯಾರೂ ಓದಲ್ಲ, ಅದರ ಬದ್ಲು ಎಷ್ಟು ಕ್ಲೈಂಟ್‌ದು ಪ್ರತಿ ತಿಂಗಳು ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹನ್ನೊಂದನೇ ತಾರೀಕಿನೊಳಗೆ, 3ಬಿ ಇಪ್ಪತ್ತರೊಳಗೆ ಹಾಕ್ತೀಯ ಅಂತ ಬರಿ, ಲೇಟ್ ಫೀ ಕಟ್ಟಿ ಸುಸ್ತಾಗಿರೋ ಓನರ್‌ಗೆ ಅದೇ ಬೇಕಿರೋದು.

ಹುಬ್ಬಳ್ಳಿ_ಬಿಕಾಂ:
ಭಾಳ ಚಲೋ ಹೇಳಿದ್ರಿ. ಆದ್ರ ಸುಮಾರು ಜೆಡಿಯೊಳಗ ಎಸ್‌ಎಪಿ (ದೊಡ್ಡ ಕಂಪ್ನಿಯೊಳಗಿನ ಸಾಫ್ಟ್‌ವೇರ್) ಕೇಳ್ತಾರ್ರಿ, ನನಗ ಟ್ಯಾಲಿ ಅಷ್ಟ ಬರ್ತೈತಿ. ಸುಮ್ನ ಹಾಕಿಬಿಡ್ಲೇನು?

ಟ್ಯಾಲಿಮಾಮ:
ಬೇಡ ಮಾರಾಯ. ವೆಂಡರ್ ಬಿಲ್ ಬುಕ್ ಮಾಡೋಕೆ ಎಸ್‌ಎಪಿಲಿ ಯಾವ ಟಿ-ಕೋಡ್ (ಆ ಸ್ಕ್ರೀನ್ ತೆಗೆಯೋ ಕೋಡು) ಅಂತ ಒಂದೇ ಪ್ರಶ್ನೆ ಕೇಳ್ತಾರೆ, ಎಫ್‌ಬಿ60 ಅಂತ ಬಾಯಿಗೆ ಬರ್ಲಿಲ್ಲ ಅಂದ್ರೆ ಟ್ಯಾಲಿ ಬಗ್ಗೆ ಹೇಳಿದ್ದನ್ನೂ ನಂಬಲ್ಲ.

ಪೀಣ್ಯ_ಎಚ್‌ಆರ್:
"ಟ್ಯಾಲಿ ಪ್ರೈಮ್‌ನಲ್ಲಿ ದಿನಾ ಕೆಲಸ, ಎಸ್‌ಎಪಿ ಕಲಿಯೋಕೆ ರೆಡಿ" ಅಂತ ಹಾಕಿ ಸರ್. ಸುಳ್ಳೂ ಅಲ್ಲ, ಸರ್ಚಲ್ಲಿ ಪದಾನೂ ಸಿಗುತ್ತೆ 😄 ಮತ್ತೆ ಫೈಲ್ ಹೆಸ್ರು "ನ್ಯೂ ರೆಸ್ಯೂಮ್ ಫೈನಲ್ 2" ಅಂತಿದ್ರೆ ದಯವಿಟ್ಟು ನಿಮ್ಮ ಹೆಸ್ರು ಹಾಕಿ ಸೇವ್ ಮಾಡಿ.