ಅಪ್‌ಡೇಟ್: ಯುಗಾದಿಯ ಹಗುರ ಊಟ ಏನಾಯ್ತು ಅಂದ್ರೆ

ಬಳ್ಳಾರಿ ಬಿಸಿಲಲ್ಲಿ ಯುಗಾದಿಗೆ 14 ಜನಕ್ಕೆ ಹೊಟ್ಟೆ ಭಾರ ಆಗದ ಊಟ ಏನು ಮಾಡಲಿ ಅಂತ ಕೇಳಿದ್ದೆನಲ್ಲ, ನೀವು ಹೇಳಿದ್ದನ್ನೇ ಮಾಡಿದೆ. ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ.

ಗಂಗಾವತಿ ಸೋನಾ ಮಸೂರಿ ಅನ್ನ ಬೆಳಿಗ್ಗೆಯೇ ಬಸಿದು ಅಗಲ ತಟ್ಟೆಯಲ್ಲಿ ಹರವಿಟ್ಟೆ, ಉದುರುದುರಾಗಿತ್ತು. ಎಡವಟ್ಟಾಗಿದ್ದು ಮಾವಿನಕಾಯಲ್ಲಿ. ರುಚಿ ನೋಡದೆ ಮೂರೂ ಕಾಯಿ ತುರಿದು ಹಾಕಿಬಿಟ್ಟೆ. ಹಲ್ಲು ಚುಳುಕ್ ಅನ್ನುವಷ್ಟು ಹುಳಿ! ಅತ್ತೆ ಏನೂ ಅನ್ನಲಿಲ್ಲ, ಸುಮ್ನೆ ಇನ್ನೆರಡು ಲೋಟ ಅಕ್ಕಿ ಒಲೆಗಿಟ್ಟರು. ಅದನ್ನು ಬೆರೆಸಿ, ಕೊಬ್ಬರಿ ತುರಿ, ಹುರಿದ ಶೇಂಗಾ ಜಾಸ್ತಿ ಹಾಕಿದ ಮೇಲೆ ಸರಿಹೋಯಿತು.

ಕೋಸಂಬರಿಗೆ ಬಡಿಸುವಾಗ ಉಪ್ಪು ಹಾಕಿ ಅಂದವರಿಗೆ ಥ್ಯಾಂಕ್ಸ್. ಸೌತೆಕಾಯಿ ನೀರು ಬಿಡಲೇ ಇಲ್ಲ.

ನಮ್ಮ ಮನೆಯಲ್ಲಿ ಬೇವು ಅಂದ್ರೆ ಕುಡಿಯೋದು. ಹುಣಸೆ ನೀರಿಗೆ ಬೆಲ್ಲ, ಪುಟಾಣಿ ಹಿಟ್ಟು, ಬೇವಿನ ಹೂ. ಬೆಂಗಳೂರಿನ ಗೆಳತಿ ಮುಖ ಕಿವುಚಿಯೇ ಶುರು ಮಾಡಿ ಮೂರು ಲೋಟ ಕುಡಿದಳು.

ಹೋಳಿಗೆ ಬೇಡ ಅಂದಿದ್ದೆ, ನೆನಪಿದೆ ಅಲ್ವಾ? "ಹಬ್ಬಕ್ಕೆ ಹೋಳಿಗೆ ಇಲ್ಲಾಂದ್ರ ಹೆಂಗವ್ವಾ?" ಅಂತ ದೊಡ್ಡಮ್ಮ ಡಬ್ಬಿ ತುಂಬ ಮಾಡಿಕೊಂಡೇ ಬಂದಿದ್ದರು. ಒಂದೂ ಉಳಿಯಲಿಲ್ಲ. ಊಟ ಆದಮೇಲೆ ಎಲ್ಲರೂ ಫ್ಯಾನ್ ಕೆಳಗೆ ಚಾಪೆ ಹಾಸಿಕೊಂಡು ಮಲಗಿದರು. ಹಗುರ ಊಟವಂತೆ!