ಬಿಸಿಯೂಟದ ಅಡುಗೆಯವರ ಮನವಿ ಪತ್ರ: ಯಾರಿಗೆ ಏನು ಬರೆಯಬೇಕು?

ಪ್ರಶ್ನೆ (ಹೊಸನಗರ)
ನಮ್ಮ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಗಳ ಬಿಸಿಯೂಟದವರ ಪರವಾಗಿ ಮನವಿ ಬರೆಯಬೇಕಿದೆ. ಒಂದು ಶಾಲೆಯಲ್ಲಿ ಮಕ್ಕಳು 27ರಿಂದ 24ಕ್ಕೆ ಇಳಿದು, ಇಬ್ಬರಲ್ಲಿ ಒಬ್ಬರನ್ನು ಬಿಡಿಸುವ ಮಾತು ಬಂದಿದೆ. ‘ಗೌರವಧನ ಹೆಚ್ಚಿಸಿ’ ಅಂತ ತಹಶೀಲ್ದಾರರ ಕೈಗೆ ಕೊಟ್ಟರೆ ಸಾಕಾ? ಗ್ರಾಚ್ಯುಟಿಯನ್ನೂ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಸೇರಿಸಬಹುದಾ?

ಉತ್ತರ 1 (ಸಾಗರ)
ಬರೀ ‘ಹೆಚ್ಚಿಸಿ’ ಅಂದರೆ ಬೆಂಗಳೂರಿನವರು ದೆಹಲಿ ಕಡೆ, ದೆಹಲಿಯವರು ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ಲೆಕ್ಕ ಬಿಡಿಸಿ ಬರೆಯಿರಿ. ಕೇಂದ್ರದ ಯೋಜನೆಯಲ್ಲಿ ಅಡುಗೆಯವರಿಗೆ ತಿಂಗಳಿಗೆ 1000 ರೂ., ಅದೂ ವರ್ಷಕ್ಕೆ 10 ತಿಂಗಳು. 2009ರಲ್ಲಿ ನಿಗದಿಯಾದ ಮೊತ್ತ. ಆ ಸಾವಿರದಲ್ಲೂ ಕೇಂದ್ರದ ಪಾಲು 600, ರಾಜ್ಯದ್ದು 400. ಅದರ ಮೇಲೆ ಸಿಗುವುದೆಲ್ಲ ರಾಜ್ಯದ ಸ್ವಂತ ದುಡ್ಡು. ಹಾಗಾಗಿ ಎರಡು ಮನವಿ ಬೇಕು: ಸಾವಿರದ ಮಿತಿ ಏರಿಸಲು ಸಂಸದರ ಮೂಲಕ ಕೇಂದ್ರಕ್ಕೆ ಒಂದು, ಹೆಚ್ಚುವರಿ ಮೊತ್ತಕ್ಕೂ ಏಪ್ರಿಲ್-ಮೇ ಗೌರವಧನಕ್ಕೂ ಶಾಸಕರ ಮೂಲಕ ಮುಖ್ಯಮಂತ್ರಿಗೆ ಇನ್ನೊಂದು. ಮಾರ್ಚ್ ಹೊತ್ತಿಗೆ ರಾಜ್ಯದ ಬಜೆಟ್ ಬರುತ್ತದೆ. ಡಿಸೆಂಬರ್ ದಾಟಿಸಿದರೆ ಆ ವರ್ಷದ ಮಟ್ಟಿಗೆ ಮುಗಿದ ಹಾಗೆ.

ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ (ಬಿಸಿಯೂಟ ಯೋಜನೆ) ಸಹಾಯಕ ನಿರ್ದೇಶಕರಿಗೂ ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಫೋಟೊ ತೆಗೆಸಿಕೊಂಡು ಬರುವುದು ಸ್ವೀಕೃತಿ ಅಲ್ಲ!

ಉತ್ತರ 2 (ತೀರ್ಥಹಳ್ಳಿ)
24ರ ವಿಷಯವೇ ಮಲೆನಾಡಿನ ನಿಜವಾದ ಗಂಟು. ನಿಯಮದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. 1ರಿಂದ 5ನೇ ತರಗತಿಗೆ ಮಗುವೊಂದಕ್ಕೆ ಧಾನ್ಯ 100 ಗ್ರಾಂ, ಬೇಳೆ 20, ತರಕಾರಿ 50. ಅಂದರೆ 27ರಿಂದ 24ಕ್ಕೆ ಇಳಿದಾಗ ಕಡಿಮೆಯಾಗುವುದು 300 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 150 ಗ್ರಾಂ ತರಕಾರಿ. ಪಾತ್ರೆ ಅಷ್ಟೇ, ಒಲೆ ಅಷ್ಟೇ, ತಿಕ್ಕುವುದೂ ಅಷ್ಟೇ. ಕೈ ಮಾತ್ರ ನಾಲ್ಕಿದ್ದದ್ದು ಎರಡು. ಈ ಲೆಕ್ಕವನ್ನು ಮನವಿಯಲ್ಲಿ ಹಾಗೇ ಹಾಕಿ, ಅಧಿಕಾರಿಗಳಿಗೆ ಥಟ್ಟಂತ ಅರ್ಥವಾಗುತ್ತದೆ.

ಜೊತೆಗೆ ಒಂದು ವಾರದ ಕೆಲಸದ ಪಟ್ಟಿ ಇಡಿ: ಬೆಳಿಗ್ಗೆ ಹಾಲು (ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ.), ಊಟ, ಮೊಟ್ಟೆ ಬೇಯಿಸಿ ಸುಲಿಯುವುದು, ಪಾತ್ರೆ, ಅಡುಗೆಕೋಣೆ. ಪ್ರತಿಯೊಂದಕ್ಕೂ ಶುರು ಮತ್ತು ಮುಗಿದ ಸಮಯ. ಮುಖ್ಯಶಿಕ್ಷಕರ ಸಹಿ ಸಿಕ್ಕರೆ ಚೆನ್ನ. ಕೆಲಸ ದಿನಕ್ಕೆ ನಾಲ್ಕೇ ತಾಸು ಅಂತ ಕಾಗದದ ಮೇಲೆ ಇರುವುದರ ಬಣ್ಣ ಅಲ್ಲೇ ಬಯಲಾಗುತ್ತದೆ.

ಉತ್ತರ 3 (ಶಿವಮೊಗ್ಗ)
ಗ್ರಾಚ್ಯುಟಿ ವಿಷಯದಲ್ಲಿ ಎಚ್ಚರ. 2022ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪು ಅಂಗನವಾಡಿಯವರದು. ‘ನಮಗೂ ಬಂದಿದೆ’ ಅಂತ ಬರೆದರೆ ಅರ್ಜಿ ಅಲ್ಲೇ ಬೀಳುತ್ತದೆ. ‘ಅದೇ ಮಾದರಿಯಲ್ಲಿ ನಮಗೂ ಕೊಡಿ’ ಅಂತ ಬರೆಯಿರಿ. ಬಿಸಿಯೂಟಕ್ಕೆ ನೇರವಾಗಿ ಸಂಬಂಧಿಸಿದ್ದು 2020ರ ಡಿಸೆಂಬರ್‌ನ ಅಲಹಾಬಾದ್ ಹೈಕೋರ್ಟ್ ತೀರ್ಪು: ತಿಂಗಳಿಗೆ ಸಾವಿರ ಕೊಟ್ಟು ಅಡುಗೆ ಮಾಡಿಸುವುದು ಬಲವಂತದ ದುಡಿಮೆ ಅಂದಿತ್ತು. ನಮ್ಮ ರಾಜ್ಯವನ್ನು ಅದು ಕಟ್ಟಿಹಾಕುವುದಿಲ್ಲ, ಆದರೂ ಮನವಿಗೆ ಬಲ ಕೊಡುತ್ತದೆ.

ಗೌರವಧನ ತಡವಾಗುತ್ತಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಯಾವ ತಿಂಗಳಿನದು ಯಾವ ತಾರೀಕಿಗೆ ಬಿಡುಗಡೆಯಾಯಿತು, ಖಾತೆಗೆ ಯಾವಾಗ ಜಮೆಯಾಯಿತು. ಶುಲ್ಕ 10 ರೂ., ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಗೌರವಧನ, ಸಿಲಿಂಡರ್, ತರಕಾರಿ ಹಣ ಎಲ್ಲ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ.

ಪ್ರಶ್ನೆ ಕೇಳಿದವರು
ಸರಿ ಸಾರ್. ಮನವಿ ಕೊಡಲು ಧರಣಿ ಕೂತರೆ ಆ ದಿನ ಅಡುಗೆ ನಿಲ್ಲಿಸಬೇಕಾ?

ಉತ್ತರ 2
ಬೇಡ. ಒಬ್ಬರೇ ಇರುವ ಶಾಲೆಯಲ್ಲಿ ಒಲೆ ಹಚ್ಚದಿದ್ದರೆ ಮಕ್ಕಳು ಹಸಿದು ಕೂರುತ್ತವೆ, ಪೋಷಕರು ನಿಮ್ಮ ಮೇಲೇ ತಿರುಗುತ್ತಾರೆ. ಪಾತ್ರೆ ತೊಳೆದಿಟ್ಟು ಮಧ್ಯಾಹ್ನ ಮೂರಕ್ಕೆ ತಾಲ್ಲೂಕು ಪಂಚಾಯಿತಿ ಮುಂದೆ ಸೇರಿ. ಜುಲೈ ಬೇಡ, ಆ ಜಡಿಮಳೆಯಲ್ಲಿ ದೂರದ ಊರಿನವರಿಗೆ ವಾಪಸ್ ಹೋಗಲು ಬಸ್ಸೇ ಸಿಗುವುದಿಲ್ಲ.