ಅರ್ಜೆಂಟ್: ಕಡಿಮೆ ವಿಷದ ನೀರುಹಾವಿಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮಕ್ಕಳ ವಿಜ್ಞಾನ ಮೇಳ ಇದೆ. ಏಷ್ಯಾದ ಹಾವುಗಳ ಬೋರ್ಡನ್ನು ಕನ್ನಡ ಮಾಡಿಕೊಡುವ ಕೆಲಸ ನನಗೆ ಅಂಟಿದೆ. ಸೂಪರ್ ಮಾರ್ಕೆಟ್ ಹತ್ತಿರದ ಫ್ಲೆಕ್ಸ್ ಅಂಗಡಿಯವನು ಸಂಜೆ ಆರಕ್ಕೆ ಫೈಲ್ ಕೇಳಿದ್ದಾನೆ. ‘ಎನ್‌ಹೈಡ್ರಿಸ್ ಎನ್‌ಹೈಡ್ರಿಸ್’ ಅನ್ನೋ ವೈಜ್ಞಾನಿಕ ಹೆಸರಿನದು ಒಂದು ಉಳಿದಿದೆ. ಸಿಹಿನೀರಿನ ಹಾವು, ಬಂಗಾಳದ ಕಡೆಯಿಂದ ಇಂಡೋನೇಷ್ಯಾವರೆಗೆ ಸಿಗುತ್ತದೆ, ಮೀನು ತಿನ್ನುತ್ತದೆ. ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿ, ಮನುಷ್ಯರಿಗೆ ಅಪಾಯವಿಲ್ಲ. ‘ನೀರೊಳ್ಳೆ’ ಅಂದರೆ ನಡೆಯುತ್ತಾ? ವಿಷ ಕಡಿಮೆ ಅನ್ನೋದಕ್ಕೆ ‘ಸೌಮ್ಯವಿಷಕಾರಿ’ ಅಂತ ಬರೆದಿದ್ದೇನೆ, ನನಗೇ ನಗು ಬರ್ತಿದೆ.

———

ನಗು ಬರಬೇಕಾದ್ದೇ. ಸೌಮ್ಯ, ವಿಷ, ಕಾರಿ, ಮೂರೂ ಸಂಸ್ಕೃತ. ನಮ್ಮದು ‘ನಂಜು’. ‘ಕಿರುನಂಜಿನ ನೀರೊಳ್ಳೆ’ ಅನ್ನಿ, ಮುಗೀತು. ಕಚ್ಚಿದರೂ ಸಾಯಿಸದ ಒಳ್ಳೆಯ ಹಾವು, ಅದಕ್ಕೇ ಹಿರಿಯರು ‘ಒಳ್ಳೆ’ ಅಂದದ್ದು.

———

ಮುಗೀಲಿಲ್ಲ ಸರ್. ನೀರೊಳ್ಳೆಯಲ್ಲಿ ‘ಒಳ್ಳೆ’ ಕೊನೆಗೆ ಬಂದಿದೆ, ಅಂದರೆ ಅದು ಹಾವಿನ ಹೆಸರೇ. ‘ನೀರು ಒಳ್ಳೆಯ’ ಅಂತ ಯಾರಾದರೂ ಸಮಾಸ ಮಾಡುತ್ತಾರಾ? ನಿಮ್ಮ ಅರ್ಥ ನಂಬಿ ಬೋರ್ಡಿನ ಮೇಲೆ ‘ಒಳ್ಳೆ ಹಾವು’ ಅಂತ ಹಾಕಿದರೆ ಮಕ್ಕಳು ಕೈ ಹಾಕ್ತಾರೆ ಅಷ್ಟೇ. ಇನ್ನು ನಂಜು. ಕಾಲಿಗೆ ಮುಳ್ಳು ಚುಚ್ಚಿ ಕೀವು ತುಂಬಿದರೆ ನಮ್ಮಮ್ಮ ‘ನಂಜಾಗಿದೆ’ ಅಂತಿದ್ದಳು. ‘ಕಿರುನಂಜು’ ಅಂತ ಬರೆದರೆ ಅರಿಸಿನ ಹಚ್ಚಿ ಅಂತಲೂ ಕೆಳಗೆ ಬರೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು, ಬೋರ್ಡಿನ ಈ ಹಾವು ‘ಒಳ್ಳೆ’ ಜಾತಿಯದೇ ಅಲ್ಲ. ನಮ್ಮ ಕೆರೆಗಳಲ್ಲಿರುವ, ಮೈಮೇಲೆ ಚೌಕಳಿ ಇರುವ ಒಳ್ಳೆಗೆ ವಿಷವಿಲ್ಲ, ಅದು ಮೊಟ್ಟೆ ಇಡುತ್ತದೆ. ಇವರು ಕೇಳಿದ್ದು ಬೇರೆ ಕುಟುಂಬದ್ದು, ಮರಿ ಹಾಕುತ್ತದೆ. ಸೇಡಂ ದಾಟಿದರೆ ತೆಲುಗಿನ ‘ನೀರುಕಟ್ಟ’, ಆಳಂದ ದಾಟಿದರೆ ಮರಾಠಿಯ ‘ದಿವಡ’, ಅವೂ ಒಳ್ಳೆಗೆ ಇರುವ ಹೆಸರುಗಳೇ. ಸುಮ್ನೆ ‘ನೀರುಹಾವು’ ಅನ್ನಿ, ಪಕ್ಕದಲ್ಲಿ ‘ವಿಷ ಕಡಿಮೆ’ ಅಂತ ಹಾಕಿ.

———

ತೆಲುಗು, ಮರಾಠಿ ಯಾರು ಕೇಳಿದರು? ಹೀಗೆ ಕಂಡಕಂಡ ಕಡೆಯಿಂದ ತಂದುಕೊಂಡೇ ಗಡಿಯವರ ಕನ್ನಡ ಕೆಟ್ಟಿದ್ದು.

———

ಗಡಿಯವರು ಅಂದ್ರಲ್ಲ, ಸಂತೋಷ. ಬೀದರ್‌ನಲ್ಲಿ ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಬಸ್‌ನಲ್ಲಿ ಇನ್ನೊಂದು ಭಾಷೆ ಆಡಿಯೂ ನಾವು ಕನ್ನಡದಲ್ಲೇ ಜಗಳ ಮಾಡ್ತೀವಿ. ನೀವು ‘ಬೋರ್ಡ್’ಗೆ, ‘ಫ್ಲೆಕ್ಸ್’ಗೆ ಅಚ್ಚಗನ್ನಡ ಕೊಡಿ, ಆಮೇಲೆ ಹಾವಿಗೆ ಬನ್ನಿ.

———

ಎಲ್ಲರಿಗೂ ಥ್ಯಾಂಕ್ಸ್. ‘ನೀರುಹಾವು (ವಿಷ ಕಡಿಮೆ, ದೂರವಿರಿ)’ ಅಂತ ಕಳಿಸಿದೆ. ಅಂಗಡಿಯವನ ಫಾಂಟ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು, ‘ನೀರೊಳ್ಳೆ’ ಹೇಗೂ ಆಗುತ್ತಿರಲಿಲ್ಲ.